ಲೆಡ್-ಫ್ರೀ ಸೋಲ್ಡರ್: ಮನೆಯಲ್ಲಿ ಬೋರ್ಡ್ ಮಾಡುವವರಿಗೆ ರೋಹ್ಸ್ ನಿಯಮ ಎಲ್ಲಿಂದ ಶುರುವಾಗುತ್ತದೆ?

ಧಾರವಾಡ ತಂತಿ

ಎಲ್ಲರಿಗೂ ನಮಸ್ಕಾರ. ನಾನು ಹ್ಯಾಮ್ ರೇಡಿಯೊ ಹವ್ಯಾಸಿ. ಮೋರ್ಸ್ ಕಲಿಯುವವರಿಗಾಗಿ ಒಂದು ಚಿಕ್ಕ ಕೀಯರ್ ಬೋರ್ಡ್, ಅಂದರೆ ಮೋರ್ಸ್ ಸಂಕೇತ ಒತ್ತಿ ಕಳಿಸುವ ಸರ್ಕ್ಯೂಟ್, ಮಾಡಿದ್ದೇನೆ. ಒಂದು ಮೈಕ್ರೊಕಂಟ್ರೋಲರ್, ಒಂದು ಬಜರ್, ಎರಡು ಜ್ಯಾಕ್, ಬ್ಯಾಟರಿ ಹೋಲ್ಡರ್, ಅಷ್ಟೇ. ಇಲ್ಲಿಯ ಗೆಳೆಯರು ಬಳಸುತ್ತಿದ್ದಾರೆ, ಚೆನ್ನಾಗಿಯೇ ನಡೆಯುತ್ತಿದೆ. ಈಗ ಜರ್ಮನಿಯ ಒಂದು ಕ್ಲಬ್‌ನವರು ನಮಗೂ ಬೇಕು, ಜೋಡಿಸಿಯೇ ಕಳಿಸಿ, ದುಡ್ಡು ಕೊಡುತ್ತೇವೆ ಎಂದಿದ್ದಾರೆ. ಜೊತೆಗೆ ಒಂದು ಪ್ರಶ್ನೆ ಕೇಳಿದ್ದಾರೆ: ಇದು ರೋಹ್ಸ್ (ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಸದಂಥ ಹಾನಿಕಾರಕ ಪದಾರ್ಥಗಳಿಗೆ ಮಿತಿ ಹಾಕುವ ಯುರೋಪಿನ ನಿಯಮ) ಪ್ರಕಾರ ಇದೆಯಾ?

ನನ್ನ ಮೇಜಿನ ಮೇಲಿರುವುದು 60/40 ಸೋಲ್ಡರ್ (ಬೆಸುಗೆ ತಂತಿ) ರೀಲು. ಅಂದರೆ ನೂರಕ್ಕೆ ನಲವತ್ತು ಭಾಗ ಸೀಸ. ಮನೆಯಲ್ಲಿ ನಮಗಾಗಿ ಮಾಡಿಕೊಳ್ಳುವುದಕ್ಕೂ ಈ ನಿಯಮ ಇದೆಯಾ, ಅಥವಾ ಮಾರಿದರೆ ಮಾತ್ರವಾ? ನಮ್ಮ ದೇಶದಲ್ಲಿ ಏನು ಕಥೆ? ಲೆಡ್-ಫ್ರೀಗೆ, ಅಂದರೆ ಸೀಸವಿಲ್ಲದ ಸೋಲ್ಡರಿಗೆ, ಹೋದರೆ ಬೆಸುಗೆ ಹಾಕುವ ಐರನ್ ಕೂಡ ಬದಲಾಯಿಸಬೇಕಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಬಿಸಿ ಬಿಟ್

ಮನೆ ಕೆಲಸಕ್ಕೆ ಯಾರೂ ಬಂದು ಕೇಳಲ್ಲ ಸರ್. 60/40 ಬಳಸಿ, ಆರಾಮಾಗಿರಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಲ್ಲಿ ಇವತ್ತಿಗೂ ಜಾಸ್ತಿ ಹೋಗುವುದು ಅದೇ.

ಪೀಣ್ಯ ಲೈನ್

ಮೇಲಿನವರು ಹೇಳಿದ್ದು ಅರ್ಧ ಸರಿ. ನಾನು ಬೋರ್ಡ್ ಜೋಡಿಸುವ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ರೋಹ್ಸ್ ಅಂದರೆ ಯುರೋಪಿನ ಒಕ್ಕೂಟದ ನಿಯಮ. 2003ರ ಜನವರಿಯಲ್ಲಿ ಮಾಡಿದರು, 1 ಜುಲೈ 2006ರಿಂದ ಜಾರಿಗೆ ಬಂತು. ಸೀಸ, ಪಾದರಸ, ಕ್ಯಾಡ್ಮಿಯಂ, ಆರರ ವೇಲೆನ್ಸಿಯ ಕ್ರೋಮಿಯಂ, ಜೊತೆಗೆ ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದಂತೆ ಬೆರೆಸುವ ಎರಡು ಬಗೆಯ ಬ್ರೋಮಿನ್ ರಾಸಾಯನಿಕಗಳು, ಒಟ್ಟು ಆರು. ಕ್ಯಾಡ್ಮಿಯಂಗೆ ಮಿತಿ 0.01 ಶೇಕಡಾ, ಉಳಿದ ಐದಕ್ಕೆ 0.1 ಶೇಕಡಾ. 22 ಜುಲೈ 2019ರಿಂದ ನಾಲ್ಕು ಥಾಲೇಟ್‌ಗಳೂ ಸೇರಿದವು. ವೈರಿನ ಪಿವಿಸಿ ಮೆತ್ತಗಿರಲಿ ಎಂದು ಹಾಕುತ್ತಾರಲ್ಲ, ಅವು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರುತ್ತೇನೆ. ಈ ಶೇಕಡಾ ಲೆಕ್ಕ ಇಡೀ ಬೋರ್ಡಿನ ತೂಕಕ್ಕೆ ಅಲ್ಲ. ಒಂದೇ ಬಗೆಯ ಪದಾರ್ಥ ಎಲ್ಲೆಲ್ಲಿದೆಯೋ ಅಲ್ಲಲ್ಲಿಗೆ ಬೇರೆ ಬೇರೆ. ಒಂದು ರೆಸಿಸ್ಟರ್ ತಗೊಳ್ಳಿ. ಕಾಲಿನ ತಂತಿ ಒಂದು ಪದಾರ್ಥ, ಅದರ ಮೇಲಿನ ತವರದ ಲೇಪ ಇನ್ನೊಂದು, ಒಳಗಿನ ಪಿಂಗಾಣಿ ಮತ್ತೊಂದು, ಮೇಲಿನ ಬಣ್ಣವೂ ಬೇರೆ. ಲೇಪದಲ್ಲಿ ಮಾತ್ರ ಸೀಸ ಮಿತಿ ಮೀರಿದ್ದರೂ ಆ ರೆಸಿಸ್ಟರ್ ಫೇಲ್. ಹಾಗಾಗಿ "ಇಷ್ಟು ದೊಡ್ಡ ಬೋರ್ಡಿನಲ್ಲಿ ಚೂರು ಸೀಸ ಇದ್ದರೆ ಏನಾಯ್ತು" ಎಂಬ ವಾದ ನಡೆಯಲ್ಲ. ನಿಮ್ಮ 60/40 ಬೆಸುಗೆಯ ಒಂದೊಂದು ಚುಕ್ಕೆಯೂ 40 ಶೇಕಡಾ ಸೀಸ. ಒಂದೇ ಚುಕ್ಕೆ ಇದ್ದರೂ ಬೋರ್ಡ್ ಹೊರಗೆ.

ಇನ್ನು ಯಾರಿಗೆ ಅನ್ವಯ ಎಂಬುದು. ಮಾರುಕಟ್ಟೆಗೆ ಇಡುವವರಿಗೆ ಮಾತ್ರ. ನಿಮ್ಮ ಮೇಜಿನ ಮೇಲೆ ನಿಮಗಾಗಿ ಮಾಡಿಕೊಂಡ ರೇಡಿಯೊಗೆ ಇದು ಬರಲ್ಲ. ಯುರೋಪಿನ ಹವ್ಯಾಸಿಗೂ ಅಷ್ಟೇ. ಆದರೆ ಜೋಡಿಸಿದ ಒಂದು ಬೋರ್ಡನ್ನು ನಿಮ್ಮ ಹೆಸರಲ್ಲಿ ಅಲ್ಲಿಗೆ ಮಾರಿದಿರಿ ಅಂದರೆ ಕಾನೂನಿನ ಕಣ್ಣಲ್ಲಿ ನೀವು ತಯಾರಕರು. ಹತ್ತು ಮಾರಿದರೂ ಹತ್ತು ಲಕ್ಷ ಮಾರಿದರೂ ಮಿತಿ ಒಂದೇ.

ಹಳೇ ವಾಲ್ವ್

ನಾನು ರೇಡಿಯೊ ರಿಪೇರಿಯಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಈ ನಿಯಮದ ಮೇಲೆ ನನಗೆ ನಿಜವಾದ ತಕರಾರಿದೆ.

63 ಭಾಗ ತವರ, 37 ಭಾಗ ಸೀಸದ 63/37 ಸೋಲ್ಡರ್ 183 ಡಿಗ್ರಿಗೆ ಕರಗುತ್ತದೆ, ಒಮ್ಮೆಗೇ ಗಟ್ಟಿಯಾಗುತ್ತದೆ. ಬೆಸುಗೆ ಹೊಳೆಯುತ್ತದೆ. ಕೂತಿದೆಯೋ ಇಲ್ಲವೋ ಕಣ್ಣಲ್ಲೇ ಗೊತ್ತಾಗುತ್ತದೆ. ಲೆಡ್-ಫ್ರೀಯಲ್ಲಿ ಎಲ್ಲರೂ ಬಳಸುವ ಸ್ಯಾಕ್ 305 ಕರಗಲು 217ರಿಂದ 220 ಡಿಗ್ರಿ ಬೇಕು. ಅದರಲ್ಲಿ 96.5 ಭಾಗ ತವರ, 3 ಭಾಗ ಬೆಳ್ಳಿ, ಅರ್ಧ ಭಾಗ ತಾಮ್ರ. ಬೆಳ್ಳಿ ಇದ್ದ ಮೇಲೆ ಬೆಲೆ ಕೇಳಬೇಕಾ? ಬೆಸುಗೆ ಮಂಕಾಗಿ, ತರಿತರಿಯಾಗಿ ಕಾಣುತ್ತದೆ. ಒಳ್ಳೆಯದೂ ಹಾಗೇ, ಕೆಟ್ಟದ್ದೂ ಹಾಗೇ. ಹೊಸದಾಗಿ ಕಲಿಯುವ ಹುಡುಗರಿಗೆ ಇದರಿಂದ ತುಂಬಾ ತೊಂದರೆ.

ಅದಕ್ಕಿಂತ ದೊಡ್ಡದು ತವರದ ಮೀಸೆ. ಬರೀ ತವರದ ಲೇಪದಿಂದ ಕೂದಲಿಗಿಂತ ಸಣ್ಣ ಎಳೆಗಳು ತಾವಾಗಿಯೇ ಬೆಳೆಯುತ್ತವೆ. ಪಕ್ಕದ ಕಾಲಿಗೆ ತಾಗಿದರೆ ಶಾರ್ಟ್. ಇದನ್ನು ತಡೆಯಲು ತವರಕ್ಕೆ ಸ್ವಲ್ಪ ಸೀಸ ಸೇರಿಸಿದರೆ ಸಾಕು ಎಂದು 1950ರ ದಶಕದಲ್ಲೇ ಬೆಲ್ ಲ್ಯಾಬ್ಸ್‌ನವರು ಕಂಡುಕೊಂಡಿದ್ದರು. 1998ರಲ್ಲಿ ಗ್ಯಾಲಕ್ಸಿ 4 ಎಂಬ ಉಪಗ್ರಹ ಕೈಕೊಟ್ಟು ಅಮೆರಿಕದ ಬಹುಪಾಲು ಪೇಜರ್‌ಗಳು ನಿಂತುಹೋದವು. ಅದಕ್ಕೂ ತವರದ ಮೀಸೆಯೇ ಕಾರಣ ಎಂದು ಆಮೇಲೆ ಹೇಳಿದರು.

ಅಷ್ಟು ದೂರ ಯಾಕೆ, 1960ರ ದಶಕದ ಟ್ರಾನ್ಸಿಸ್ಟರ್ ರೇಡಿಯೊ ಬಿಚ್ಚಿ ನೋಡಿ. ಎಎಫ್ 117 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುತ್ತದೆ, ನಾಲ್ಕು ಕಾಲಿನದು. ಮೂರು ಕಾಲು ಕೆಲಸಕ್ಕೆ, ನಾಲ್ಕನೆಯದು ಹೊರಗಿನ ಲೋಹದ ಡಬ್ಬಿಗೆ. ಡಬ್ಬಿಯ ಒಳಗೋಡೆಯಿಂದ ಮೀಸೆ ಬೆಳೆದು ಉಳಿದ ಕಾಲುಗಳಿಗೆ ತಾಗುತ್ತದೆ. ರೇಡಿಯೊ ಮೂಕ. ಮೀಟರ್ ಹಿಡಿದರೆ ಡಬ್ಬಿಗೂ ಕಲೆಕ್ಟರಿಗೂ ಸಂಪರ್ಕ ತೋರಿಸುತ್ತದೆ. ನಾಲ್ಕನೆಯ ಕಾಲನ್ನು ಕತ್ತರಿಸಿದರೆ ಸಾಕು, ಎಷ್ಟೋ ಸಲ ಮತ್ತೆ ಹಾಡುತ್ತದೆ.

ಇನ್ನೊಂದು ಮಾತು. ಲೋಕದಲ್ಲಿ ಬಳಕೆಯಾಗುವ ಸೀಸದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಹೋಗುವುದು ಬ್ಯಾಟರಿಗೆ. ನಮ್ಮ ಮನೆ ಮನೆಯ ಯುಪಿಎಸ್ ಕೆಳಗೆ ಕಿಲೋಗಟ್ಟಲೆ ಸೀಸ ಕೂತಿದೆ. ಅದನ್ನು ಬಿಟ್ಟು ನನ್ನ ಸೋಲ್ಡರ್ ರೀಲನ್ನು ಹಿಡಿದುಕೊಂಡರೆ ಏನು ನ್ಯಾಯ?

ಪೀಣ್ಯ ಲೈನ್

ವಾಲ್ವ್ ಸರ್, ಮೀಸೆಯ ವಿಷಯದಲ್ಲಿ ನೀವು ಹೇಳಿದ್ದು ನಿಜ. ಅದಕ್ಕೇ ಬಾಹ್ಯಾಕಾಶಕ್ಕೆ ಕಳಿಸುವ ಉಪಕರಣ, ಸೇನೆಯ ಉಪಕರಣ ಎರಡನ್ನೂ ಯುರೋಪಿನ ನಿಯಮ ಹೊರಗಿಟ್ಟಿದೆ. ಆದರೆ ಸಾಮಾನ್ಯ ಉಪಕರಣಗಳಿಗೆ ಕಾರ್ಖಾನೆಗಳು ದಾರಿ ಹುಡುಕಿಕೊಂಡಿವೆ. ತವರದ ಕೆಳಗೆ ನಿಕ್ಕಲ್ ಪದರ ಕೊಡುತ್ತಾರೆ, ಬರೀ ತವರದ ಬದಲು ಬೆರಕೆ ಲೇಪ ಹಾಕುತ್ತಾರೆ. 2006ರಿಂದ ಇಲ್ಲಿಯವರೆಗೆ ಮಾರಾಟವಾದ ಫೋನು, ಟಿವಿ, ರೌಟರ್‌ಗಳಲ್ಲಿ ಬಹುಪಾಲು ಲೆಡ್-ಫ್ರೀಯೇ ಅಲ್ವಾ? ಅವು ಸಾಲಾಗಿ ಸತ್ತುಹೋಗಲಿಲ್ಲ.

ಮೊದಮೊದಲು ಕಷ್ಟ ಇತ್ತು, ಇಲ್ಲ ಅನ್ನಲ್ಲ. ಹಳೇ ಕನೆಕ್ಟರ್‌ಗಳ ಪ್ಲಾಸ್ಟಿಕ್ ಹೊಸ ಶಾಖಕ್ಕೆ ಮೆತ್ತಗಾಗುತ್ತಿತ್ತು. ವೇವ್ ಸೋಲ್ಡರಿಂಗ್ ತೊಟ್ಟಿಯ (ಕರಗಿದ ಸೋಲ್ಡರಿನ ಅಲೆಯ ಮೇಲೆ ಬೋರ್ಡ್ ಹಾಯಿಸುವ ಯಂತ್ರದ್ದು) ಸ್ಟೇನ್‌ಲೆಸ್ ಸ್ಟೀಲನ್ನೇ ಜಾಸ್ತಿ ತವರದ ಸೋಲ್ಡರ್ ತಿನ್ನುತ್ತಿತ್ತು, ತೊಟ್ಟಿ ಬದಲಾಯಿಸಬೇಕಾಯಿತು. ಸೀಸದ ಕೆಲಸಕ್ಕೂ ಲೆಡ್-ಫ್ರೀ ಕೆಲಸಕ್ಕೂ ಒಂದೇ ತೊಟ್ಟಿ ನಡೆಯಲ್ಲ. ಒಂದು ಸಲ ಸೀಸ ಬಿದ್ದರೆ ಇಡೀ ತೊಟ್ಟಿ ಕೆಟ್ಟಿತು.

ದೊಡ್ಡವರು ಇದೆಲ್ಲ ತಾಳಿಕೊಂಡರು. ನಿಜವಾಗಿ ಪೆಟ್ಟು ತಿಂದವರು ಎರಡೂ ಬಗೆಯ ಗಿರಾಕಿ ಇರುವ ಸಣ್ಣ ಕಾರ್ಖಾನೆಯವರು. ಎರಡು ಲೈನ್, ಎರಡು ಸ್ಟೋರ್, ಎರಡು ಬಣ್ಣದ ಲೇಬಲ್. ಚಿಪ್ ಕಂಪನಿಗಳು ಒಂದೇ ಭಾಗವನ್ನು ಎರಡು ಬಗೆಯಲ್ಲಿ ಮಾಡುವುದನ್ನು ನಿಲ್ಲಿಸಿದವು. ಸೀಸದ ಸೋಲ್ಡರೇ ಬೇಕು ಎನ್ನುವ ಗಿರಾಕಿಗೂ ಬಿಜಿಎ ಚಿಪ್ (ಕಾಲಿನ ಬದಲು ತಳದಲ್ಲಿ ಸೋಲ್ಡರ್ ಗುಂಡುಗಳಿರುವ ಚಿಪ್) ಬರುವುದು ಲೆಡ್-ಫ್ರೀ ಗುಂಡುಗಳೊಂದಿಗೆ. ಗುಂಡು ಕರಗುವುದು 217 ದಾಟಿದ ಮೇಲೆ. ಸೀಸದ ಸೋಲ್ಡರ್ ಪೇಸ್ಟಿಗೆಂದು ಅವನ್‌ನ ಗರಿಷ್ಠ ಶಾಖವನ್ನು 215ಕ್ಕೆ ಇಟ್ಟರೆ ಪೇಸ್ಟ್ ಕರಗುತ್ತದೆ, ಗುಂಡು ಹಾಗೇ ಕೂತಿರುತ್ತದೆ. ಟೆಸ್ಟಿನಲ್ಲಿ ಪಾಸಾಗಿ, ಗಿರಾಕಿಯ ಹತ್ತಿರ ಹೋದ ಮೇಲೆ ಬಿಡುತ್ತದೆ. ಮನೆಯಲ್ಲಿ ಬಿಜಿಎ ಕೂರಿಸುವವರೂ ಇದನ್ನು ನೆನಪಿಡಿ.

ಲ್ಯಾಬ್ ಮೇಡಂ

ಕಲಿಯುವ ಹುಡುಗರ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಾನು ಪಾಲಿಟೆಕ್ನಿಕ್‌ನಲ್ಲಿ ಲ್ಯಾಬ್ ನಡೆಸುತ್ತೇನೆ.

ಸೋಲ್ಡರ್ ಹೊಗೆಯಲ್ಲಿ ಸೀಸ ಬರುತ್ತದೆ ಎಂದು ಎಲ್ಲರೂ ಹೆದರುತ್ತಾರೆ. ಸೀಸ ಕುದಿಯುವುದು 1700 ಡಿಗ್ರಿ ದಾಟಿದ ಮೇಲೆ. ಐರನ್ 350ರ ಆಸುಪಾಸು ಇರುತ್ತದೆ. ಆ ಬಿಳಿ ಹೊಗೆ ಫ್ಲಕ್ಸಿನದು, ಅಂದರೆ ಸೋಲ್ಡರ್ ಚೆನ್ನಾಗಿ ಹರಿಯಲು ವೈರಿನೊಳಗೆ ಇಟ್ಟಿರುವ ರಾಳದ್ದು. ಅದೂ ಒಳ್ಳೆಯದಲ್ಲ, ದಿನವೂ ಎಳೆದುಕೊಂಡರೆ ಆಸ್ತಮಾ ತರಬಲ್ಲದು. ಲೆಡ್-ಫ್ರೀ ವೈರಿನ ಫ್ಲಕ್ಸ್ ಇನ್ನೂ ಖಾರವಾಗಿರುತ್ತದೆ. ಆದ್ದರಿಂದ ಲೆಡ್-ಫ್ರೀ ತಂದೆವು, ಇನ್ನು ಕಿಟಕಿ ಮುಚ್ಚಿದರೂ ನಡೆಯುತ್ತದೆ ಅನ್ನಬೇಡಿ.

ಸೀಸ ದೇಹಕ್ಕೆ ಹೋಗುವುದು ಕೈಯಿಂದ. ವೈರು ಹಿಡಿದ ಬೆರಳು ಬೂದು ಬಣ್ಣಕ್ಕೆ ತಿರುಗಿರುತ್ತದೆ, ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತಾರೆ. ಎರಡೂ ಕೈಗೆ ಕೆಲಸ ಇದ್ದಾಗ ವೈರನ್ನು ಹಲ್ಲಲ್ಲಿ ಕಚ್ಚಿಕೊಳ್ಳುವ ಹುಡುಗರನ್ನೂ ನೋಡಿದ್ದೇನೆ. ಮಕ್ಕಳ ರಕ್ತದಲ್ಲಿ ಸೀಸ ಇಷ್ಟಿದ್ದರೆ ಪರವಾಗಿಲ್ಲ ಎನ್ನುವಂಥ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯಲ್ಲಿ ಊಟದ ಮೇಜಿನ ಮೇಲೆ ಬೆಸುಗೆ ಹಾಕುವವರು, ಚಿಕ್ಕ ಮಕ್ಕಳಿದ್ದರೆ, ದಯವಿಟ್ಟು ಜಾಗ ಬದಲಾಯಿಸಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣ ಪೊರಕೆ ಬೇಡ.

ಮತ್ತೊಂದು, ಸೀಸದ ಹಿಂದೆ ಬಿದ್ದು ಕ್ಯಾಡ್ಮಿಯಂ ಮರೆಯುತ್ತೇವೆ. ಪ್ರತಿ ಶಾಲೆಯ ವಿಜ್ಞಾನ ಪ್ರದರ್ಶನದಲ್ಲೂ ಕತ್ತಲಾದರೆ ಹೊತ್ತಿಕೊಳ್ಳುವ ಬೀದಿ ದೀಪ ಇರುತ್ತದಲ್ಲ, ಅದರ ಕಣ್ಣು ಎಲ್‌ಡಿಆರ್. ಮೇಲೆ ಹಾವಿನಂತೆ ಸುತ್ತಿದ ಗೆರೆ ಕಾಣುತ್ತದೆ, ಅದು ಕ್ಯಾಡ್ಮಿಯಂ ಸಲ್ಫೈಡ್. ನಮ್ಮಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ರೋಹ್ಸ್ ಮಿತಿಗೆ ಅದು ಹೊಂದುವುದೇ ಇಲ್ಲ. ಹೊಸ ಪ್ರಾಜೆಕ್ಟ್‌ಗಳಿಗೆ ನಾನು ಫೋಟೊಟ್ರಾನ್ಸಿಸ್ಟರ್ ಕೊಡಿಸುತ್ತೇನೆ. ಸರ್ಕ್ಯೂಟಿನಲ್ಲಿ ಒಂದು ರೆಸಿಸ್ಟರ್ ಬದಲಾಯಿಸಿದರೆ ಮುಗಿಯಿತು, ಎಲ್‌ಡಿಆರ್‌ಗಿಂತ ಬೇಗ ಸ್ಪಂದಿಸುತ್ತದೆ ಕೂಡ.

ಧಾರವಾಡ ತಂತಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮ ದೇಶದ ನಿಯಮ ಯಾರಾದರೂ ಹೇಳುತ್ತೀರಾ? ಇಲ್ಲಿಯೇ ನಾಲ್ಕು ಜನಕ್ಕೆ ಮಾರಿದರೆ?

ಪೀಣ್ಯ ಲೈನ್

ನಮ್ಮಲ್ಲೂ ಇದೆ. ಇ-ತ್ಯಾಜ್ಯ ನಿಯಮ 2011ರಲ್ಲಿ ಬಂತು, ಅದರಲ್ಲಿ ಹಾನಿಕಾರಕ ಪದಾರ್ಥಗಳ ಮಿತಿ 1 ಮೇ 2014ರಿಂದ ಲಾಗೂ ಆಯಿತು. ಅದೇ ಆರು ಪದಾರ್ಥ, ಅದೇ ಮಿತಿ. 2016ರಲ್ಲಿ ಮತ್ತೆ ಬರೆದರು. ಈಗ ನಡೆಯುತ್ತಿರುವುದು 2022ರ ನಿಯಮ, 1 ಏಪ್ರಿಲ್ 2023ರಿಂದ. ಪಟ್ಟಿಯಲ್ಲಿ 106 ಬಗೆಯ ಉಪಕರಣಗಳಿವೆ. ಪಟ್ಟಿಯಲ್ಲಿರುವ ಉಪಕರಣ ಮಾರುವವರು ಮಿತಿ ಪಾಲಿಸಿದ್ದೇವೆ ಎಂದು ಬಳಕೆದಾರರ ಪುಸ್ತಕದಲ್ಲೇ ಘೋಷಿಸಬೇಕು. ನೋಡಿಕೊಳ್ಳುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಎಂಎಸ್‌ಎಂಇ ಕಾಯ್ದೆಯಲ್ಲಿ ಅತಿ ಸಣ್ಣ ಉದ್ಯಮ ಎಂದು ಇರುವವರನ್ನು ನಿಯಮದಿಂದ ಹೊರಗಿಟ್ಟಿದ್ದಾರೆ. ಗೆಳೆಯರಿಗೆ ಮಾಡಿಕೊಡುವ ತಂತಿಯವರಿಗೆ ಇಲ್ಲಿ ಚಿಂತೆ ಇಲ್ಲ.

ವಾಲ್ವ್ ಸರ್, ನಿಮಗೂ ಒಂದು: 2014ರ ಮೇ ಒಂದಕ್ಕಿಂತ ಮೊದಲು ಮಾರಿದ ಉಪಕರಣದ ಬಿಡಿ ಭಾಗಕ್ಕೆ, ನಿಯಮದ ಪ್ರಕಾರದ ಭಾಗ ಸಿಗದಿದ್ದರೆ, ವಿನಾಯಿತಿ ಇದೆ. ಯುರೋಪಿನಲ್ಲೂ 2006ರ ಜುಲೈಗಿಂತ ಹಿಂದಿನದಕ್ಕೆ ಹಾಗೇ. ಹಳೇ ರೇಡಿಯೊ ರಿಪೇರಿಯನ್ನು ಯಾರೂ ತಡೆದಿಲ್ಲ.

ಮ್ಯೂನಿಕ್ ಮಲ್ಲಿಗೆ

ನಾನು ಇಲ್ಲಿ ಉಪಕರಣಗಳ ಪರವಾನಗಿ ಕೆಲಸ ಮಾಡುತ್ತೇನೆ. ತಂತಿಯವರೇ, ಸೋಲ್ಡರ್ ಬದಲಾಯಿಸಿದರೆ ಕೆಲಸ ಮುಗಿಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

2011ರ ಹೊಸ ರೋಹ್ಸ್ ಬಂದ ಮೇಲೆ ಇದು ಸಿಇ ಗುರುತಿನ (ಯುರೋಪಿನ ನಿಯಮ ಪಾಲಿಸಿದ್ದೇವೆ ಎಂದು ತಯಾರಕರು ಹಾಕುವ ಗುರುತು) ಒಳಗೆ ಸೇರಿದೆ. ನೀವು ಒಂದು ಘೋಷಣಾ ಪತ್ರ ಬರೆದು ಸಹಿ ಹಾಕಬೇಕು. ಅದರ ಹಿಂದೆ ಕಡತ ಇರಬೇಕು: ಯಾವ ಭಾಗ, ಯಾರಿಂದ, ಅವರು ಕೊಟ್ಟ ರೋಹ್ಸ್ ಪತ್ರ. ಹತ್ತು ವರ್ಷ ಇಟ್ಟುಕೊಳ್ಳಬೇಕು. ಪ್ರತಿ ಬೋರ್ಡನ್ನೂ ಲ್ಯಾಬಿಗೆ ಕಳಿಸಿ ಎಂದು ಯಾರೂ ಕೇಳಲ್ಲ. ಹೆಸರಿಲ್ಲದ ಅಂಗಡಿಯಿಂದ ತಂದ ಬಜರ್‌ಗೆ ಪತ್ರ ಎಲ್ಲಿಂದ ತರುತ್ತೀರಿ, ತೊಡಕು ಅಲ್ಲಿದೆ. ಸ್ವಲ್ಪ ಜಾಸ್ತಿ ಕೊಟ್ಟರೂ ಪತ್ರ ಸಿಗುವ ಕಡೆ ಕೊಳ್ಳಿ.

ಅದರ ಮೇಲೆ ಜರ್ಮನಿಯಲ್ಲಿ ಎಲೆಕ್ಟ್ರಾನಿಕ್ಸ್ ಮಾರುವವರು ತ್ಯಾಜ್ಯದ ಹೊಣೆಗಾಗಿ ನೋಂದಣಿ ಮಾಡಿಸಿ ನಂಬರ್ ಪಡೆಯಬೇಕು. ಹೊರದೇಶದವರಾದರೆ ಇಲ್ಲೊಬ್ಬ ಪ್ರತಿನಿಧಿ ಬೇಕು. 13 ಡಿಸೆಂಬರ್ 2024ರಿಂದ ಗ್ರಾಹಕ ವಸ್ತುಗಳಿಗೆ ಒಕ್ಕೂಟದೊಳಗೇ ಒಬ್ಬ ಹೊಣೆಗಾರ ಇರಲೇಬೇಕು ಎಂಬ ನಿಯಮವೂ ಸೇರಿದೆ. ದೊಡ್ಡ ಕಂಪನಿಗೆ ಇದು ಯಾವ ಲೆಕ್ಕ? ಕೈಬೆರಳೆಣಿಕೆಯಷ್ಟು ಮಾರುವವರಿಗೆ ಬೋರ್ಡಿನ ಬೆಲೆಗಿಂತ ಇದರ ಖರ್ಚೇ ಜಾಸ್ತಿ. ಪದಾರ್ಥದ ಮಿತಿ ಎಲ್ಲರಿಗೂ ಒಂದೇ ಇರಲಿ, ಅದರಲ್ಲಿ ತಪ್ಪಿಲ್ಲ. ಕಾಗದದ ಹೊರೆಯಾದರೂ ಗಾತ್ರ ನೋಡಿ ಹಾಕಬೇಕಿತ್ತು ಎಂದು ನನ್ನ ಅಭಿಪ್ರಾಯ. ಸಣ್ಣವರು ಯುರೋಪಿಗೆ ಮಾರುವುದನ್ನೇ ಬಿಡುತ್ತಿದ್ದಾರೆ, ಇದು ಇಲ್ಲಿಯ ಹವ್ಯಾಸಿಗಳಿಗೂ ನಷ್ಟ.

ದೊಡ್ಡವರಿಗೂ ಇದು ಬರೀ ಕಾಗದ ಅಲ್ಲ ಅನ್ನುವುದಕ್ಕೆ ಒಂದು ಉದಾಹರಣೆ. 2001ರ ಕೊನೆಯಲ್ಲಿ, ರೋಹ್ಸ್ ಬರುವ ಮೊದಲೇ, ನೆದರ್ಲೆಂಡ್ಸ್ ಸರ್ಕಾರ ಸೋನಿಯ ಸುಮಾರು 13 ಲಕ್ಷ ಪ್ಲೇಸ್ಟೇಷನ್ ಪೆಟ್ಟಿಗೆಗಳನ್ನು ತಡೆದಿತ್ತು. ಕಾರಣ, ಜೊತೆಗಿದ್ದ ಕೇಬಲ್‌ಗಳಲ್ಲಿ ಕ್ಯಾಡ್ಮಿಯಂ. ಕ್ರಿಸ್‌ಮಸ್ ವ್ಯಾಪಾರದ ಹೊತ್ತು ಬೇರೆ. ಕೇಬಲ್ ಮಾಡಿದ್ದು ಯಾವುದೋ ಪೂರೈಕೆದಾರ, ಪೆಟ್ಟು ಬಿದ್ದದ್ದು ಹೆಸರು ಇದ್ದವರಿಗೆ. ಆಮೇಲೆ ಇಡೀ ಉದ್ಯಮ ಪೂರೈಕೆದಾರರನ್ನು ಕೂರಿಸಿ ಪ್ರಶ್ನೆ ಕೇಳಲು ಶುರು ಮಾಡಿತು.

ಗುಜರಿ ಗೆಳೆಯ

ಇಷ್ಟು ಹೊತ್ತು ಓದುತ್ತಿದ್ದೆ. ಎಲ್ಲರೂ ಬೋರ್ಡ್ ಹುಟ್ಟುವ ಜಾಗದ ಮಾತಾಡುತ್ತಿದ್ದೀರಿ. ನಾನು ಅದು ಸಾಯುವ ಜಾಗದಲ್ಲಿ ಕೆಲಸ ಮಾಡುವವನು. ಪರವಾನಗಿ ಇರುವ ಮರುಬಳಕೆ ಘಟಕದಲ್ಲಿ ಈಗ ಇದ್ದೇನೆ, ಅದಕ್ಕೆ ಮುಂಚೆ ಗುಜರಿ ಗಲ್ಲಿಗಳಲ್ಲಿ ಮಾಲು ಕೊಳ್ಳುತ್ತಿದ್ದೆ.

ಗಲ್ಲಿಯಲ್ಲಿ ಬೋರ್ಡ್ ಹೇಗೆ ಬಿಚ್ಚುತ್ತಾರೆ ಗೊತ್ತಾ? ತಗಡಿನ ಮೇಲೆ ಬೋರ್ಡನ್ನು ಬೋರಲು ಹಾಕಿ ಕೆಳಗೆ ಬೆಂಕಿ ಕೊಡುತ್ತಾರೆ. ಸೋಲ್ಡರ್ ಕರಗಿದ ತಕ್ಷಣ ಬೋರ್ಡನ್ನು ನೆಲಕ್ಕೆ ಕುಟ್ಟುತ್ತಾರೆ. ಚಿಪ್‌ಗಳು ಉದುರುತ್ತವೆ, ಸೋಲ್ಡರ್ ಹನಿಯಾಗಿ ಮಣ್ಣಿಗೆ ಚೆಲ್ಲುತ್ತದೆ. ದೊಡ್ಡ ಹನಿಗಳನ್ನು ಆರಿಸಿಕೊಳ್ಳುತ್ತಾರೆ, ಉಳಿದದ್ದು ಮಣ್ಣಲ್ಲೇ. ಆ ಬೆಂಕಿಯಲ್ಲಿ ಪ್ಲಾಸ್ಟಿಕ್ಕಿನ ಬ್ರೋಮಿನ್ ಕೂಡ ಹೊಗೆಯಾಗುತ್ತದೆ. ತಾಮ್ರಕ್ಕಾಗಿ ವೈರ್ ಸುಡುವಾಗ ಪಿವಿಸಿ ಹೊಗೆ. ಚಿನ್ನದ ಲೇಪ ಇರುವ ಕಾಲುಗಳನ್ನು ಆಸಿಡ್‌ಗೆ ಹಾಕಿ, ಉಳಿದ ಆಸಿಡ್ ಚರಂಡಿಗೆ. ಪಕ್ಕದಲ್ಲೇ ಅಡುಗೆ, ಪಕ್ಕದಲ್ಲೇ ಮಕ್ಕಳು.

ವಾಲ್ವ್ ಸರ್, ನಿಮ್ಮ ಬ್ಯಾಟರಿ ಪ್ರಶ್ನೆಗೆ ನನ್ನ ಉತ್ತರ ಇದು. ಬ್ಯಾಟರಿ ಒಂದು ಕಡೆ ಕಿಲೋಗಟ್ಟಲೆ ಸೀಸ ಇರುವ ಪೆಟ್ಟಿಗೆ. ಹಳೆಯದನ್ನು ಕೊಟ್ಟರೆ ಅಂಗಡಿಯವನು ದುಡ್ಡು ಕೊಡುತ್ತಾನೆ, ಹಾಗಾಗಿ ಅದು ವಾಪಸ್ ಬರುತ್ತದೆ. ವಾಪಸ್ ಬಂದಿದ್ದನ್ನು ಎಷ್ಟೋ ಕಡೆ ಕೆಟ್ಟದಾಗಿಯೇ ಕರಗಿಸುತ್ತಾರೆ, ಅದು ಬೇರೆ ಹೋರಾಟ. ಆದರೆ ಸೋಲ್ಡರ್ ಸೀಸ ಬೋರ್ಡಿಗೆ ಒಂದೋ ಎರಡೋ ಗ್ರಾಂ, ಲಕ್ಷಾಂತರ ಬೋರ್ಡುಗಳಲ್ಲಿ ಹರಡಿರುತ್ತದೆ. ಅದನ್ನು ಯಾರೂ ಸೀಸ ಎಂದು ಕೊಳ್ಳುವುದಿಲ್ಲ. ಚಿನ್ನ, ತಾಮ್ರ ತೆಗೆದ ಮೇಲೆ ಉಳಿಯುವ ಕಸ ಅದು. ಹಿಂದಕ್ಕೆ ಬರದ ಪದಾರ್ಥವನ್ನು ತಡೆಯಲು ಇರುವ ಒಂದೇ ದಾರಿ, ಮೊದಲೇ ಹಾಕದಿರುವುದು. ಬೆಸುಗೆ ಹಾಕುವವನ ಕೈಗೆ ಸೋಪು ಸಾಕು. ಬಿಚ್ಚುವವನ ಕೈಗೆ ಏನೂ ಇಲ್ಲ. ನಾನು ಈ ನಿಯಮದ ಪರವಾಗಿರುವುದು ಅದಕ್ಕೇ.

ಹವ್ಯಾಸಿಗಳಿಗೆ ಒಂದು ಮನವಿ. ಕೆಟ್ಟ ಬೋರ್ಡ್, ಕತ್ತರಿಸಿದ ಕಾಲು, ಸೋಲ್ಡರ್ ಹೀರಿ ತೆಗೆಯುವ ತಾಮ್ರದ ಹೆಣಿಗೆ, ಐರನ್ನಿನ ತುದಿ (ಬಿಟ್) ಒರೆಸಿದ ಸ್ಪಂಜಿನ ಚೂರು ಎಲ್ಲವನ್ನೂ ಒಂದು ಮುಚ್ಚಳದ ಡಬ್ಬಿಯಲ್ಲಿ ಹಾಕಿಡಿ. ಹಸಿ ಕಸ, ಒಣ ಕಸ ಎರಡಕ್ಕೂ ಬೇಡ. ತುಂಬಿದ ಮೇಲೆ ಪರವಾನಗಿ ಇರುವ ಘಟಕಕ್ಕೆ ಕೊಡಿ. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯ ಇ-ಪರಿಸರ 2005ರಿಂದ ನಡೆಯುತ್ತಿದೆ, ದೇಶದಲ್ಲಿ ಇಂಥ ಪರವಾನಗಿ ಮೊದಲು ಪಡೆದದ್ದು ಅದೇ. ಈಗ ಬೇರೆಯವೂ ಬೇಕಾದಷ್ಟಿವೆ. ಮನೆಯಲ್ಲಿ ಪಿಸಿಬಿ ಎಚಿಂಗ್ (ಬೋರ್ಡಿನ ಬೇಡದ ತಾಮ್ರವನ್ನು ದ್ರಾವಣದಲ್ಲಿ ಕರಗಿಸುವುದು) ಮಾಡುವವರು ಫೆರಿಕ್ ಕ್ಲೋರೈಡನ್ನು ಸಿಂಕಿಗೆ ಸುರಿಯಬೇಡಿ. ಬಳಸಿದ ದ್ರಾವಣದಲ್ಲಿ ತಾಮ್ರ ಇರುತ್ತದೆ, ಕೆರೆಯ ಮೀನಿಗೆ ಅದು ವಿಷ. ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ ಅದನ್ನೂ ಘಟಕದವರನ್ನೇ ಕೇಳಿ ಕೊಡಿ.

ಹಳೇ ವಾಲ್ವ್

ಗುಜರಿಯವರೇ, ಬ್ಯಾಟರಿ ವಾಪಸ್ ಬರುತ್ತದೆ, ಸೋಲ್ಡರ್ ಬರಲ್ಲ ಅನ್ನುವ ಮಾತಿಗೆ ನನ್ನ ಹತ್ತಿರ ಎದುರು ಉತ್ತರ ಇಲ್ಲ. ಹೊಸದಾಗಿ ಮಾರುವ ಮಾಲಿಗೆ ಲೆಡ್-ಫ್ರೀ ಇರಲಿ, ಒಪ್ಪಿದೆ. ಆದರೆ ಬೇಗ ಕೆಡುವ, ಬಿಚ್ಚಲು ಬಾರದ ಮಾಲು ಮಾಡಿ ಅದಕ್ಕೆ ಹಸಿರು ಎಲೆ ಅಂಟಿಸಿದರೆ ನಾನು ಒಪ್ಪಲ್ಲ. ನನ್ನ ಬಳಿ ಇರುವ ವಾಲ್ವ್ ರೇಡಿಯೊ ಅರವತ್ತು ವರ್ಷದಿಂದ ಕಸಕ್ಕೆ ಹೋಗಿಲ್ಲ. ಅದರಲ್ಲಿರುವ ಸೀಸ ಯಾವ ಮಗುವಿನ ರಕ್ತಕ್ಕೂ ಸೇರಿಲ್ಲ. ರಿಪೇರಿ ಮಾಡಲು ಬರುವಂತಿರಬೇಕು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ನಿಯಮ ಮಾಡಬೇಕು.

ಗುಜರಿ ಗೆಳೆಯ

ಇದಕ್ಕೆ ನನ್ನದು ಪೂರ್ತಿ ಸಹಮತ ಸರ್. ಅಂಟು ಹಾಕಿ ಮುಚ್ಚಿದ ಫೋನು ನಮಗೂ ಶತ್ರು.

ಧಾರವಾಡ ತಂತಿ

ಎಲ್ಲರ ಮಾತೂ ಓದಿ ಹೀಗೆ ಅಂದುಕೊಂಡಿದ್ದೇನೆ. ಜರ್ಮನಿಗೆ ಜೋಡಿಸಿ ಮಾರುವುದು ಸದ್ಯಕ್ಕೆ ಬೇಡ. ಸರ್ಕ್ಯೂಟ್, ಪಿಸಿಬಿ ಫೈಲ್, ಪ್ರೋಗ್ರಾಂ ಎಲ್ಲ ಆ ಕ್ಲಬ್‌ಗೆ ಸುಮ್ನೆ ಕೊಟ್ಟುಬಿಡುತ್ತೇನೆ, ಅವರವರ ಬೋರ್ಡ್ ಅವರೇ ಮಾಡಿಕೊಳ್ಳಲಿ. ಇಲ್ಲಿಯ ಗೆಳೆಯರಿಗೆ ಮಾಡಿಕೊಡುವುದನ್ನು ಮಾತ್ರ ಇನ್ನು ಮುಂದೆ ಲೆಡ್-ಫ್ರೀಯಲ್ಲೇ ಮಾಡುತ್ತೇನೆ. ನಿಯಮ ಕೇಳದಿದ್ದರೂ ಸರಿ.

ಈಗ ಕೈಗೆಲಸದ ಪ್ರಶ್ನೆ. ನನ್ನದು ಚೂಪು ಬಿಟ್‌ನ ಸಾದಾ ಐರನ್. ಗ್ರೌಂಡ್ ಕಾಲುಗಳಲ್ಲಿ ಸ್ಯಾಕ್ 305 ಹರಿಯುತ್ತಲೇ ಇಲ್ಲ, ಉಂಡೆ ಕಟ್ಟಿ ನಿಲ್ಲುತ್ತದೆ. 138 ಡಿಗ್ರಿಗೆ ಕರಗುವ ಬಿಸ್ಮತ್ ಸೋಲ್ಡರ್ ತರಲಾ?

ಪೀಣ್ಯ ಲೈನ್

ಬಿಸ್ಮತ್ ಬೇಡ. ಅದು ಬಿರುಸು, ಜ್ಯಾಕ್ ಎಳೆದಾಡುವ ಜಾಗದಲ್ಲಿ ಬಿರಿಯುತ್ತದೆ. ಅದಲ್ಲದೆ ನಿಮ್ಮ ಐರನ್ನಿನಲ್ಲಿ ಹಳೇ ಸೀಸ ಅಂಟಿಕೊಂಡಿರುತ್ತದೆ. ತವರ, ಬಿಸ್ಮತ್, ಸೀಸ ಮೂರೂ ಸೇರಿದರೆ 96 ಡಿಗ್ರಿಯ ಆಸುಪಾಸಿನಲ್ಲೇ ಕರಗುವ ಮಿಶ್ರಣ ಆಗುತ್ತದೆ. ಬಿಸಿಯಾಗುವ ಭಾಗದ ಕೆಳಗೆ ಅದು ಇದ್ದರೆ ಬೆಸುಗೆ ತಾನಾಗೇ ಬಿಡುತ್ತದೆ.

ನಿಮ್ಮ ತೊಂದರೆ ಚೂಪು ಬಿಟ್‌ನದು. ಅದರ ತುದಿಯಿಂದ ಶಾಖ ಹರಿಯುವುದಿಲ್ಲ. ಉಳಿ ಆಕಾರದ ಅಗಲ ಬಿಟ್ ಹಾಕಿ, ಟೆಂಪರೇಚರ್ ಹೊಂದಿಸುವ ಸ್ಟೇಷನ್ ಇದ್ದರೆ 360 ಇಡಿ. ಬಿಟ್ ಹೊಸದಾಗಿರಲಿ, ಸೀಸದ ಕೆಲಸಕ್ಕೆ ಬಳಸಿದ್ದು ಬೇಡ. ಮೊದಲು ಪ್ಯಾಡಿಗೆ, ಅಂದರೆ ಕಾಲು ಕೂರುವ ಬೋರ್ಡಿನ ತಾಮ್ರದ ಜಾಗಕ್ಕೆ, ಸ್ವಲ್ಪ ಫ್ಲಕ್ಸ್ ಹಚ್ಚಿ. ಬಿಟ್‌ನ ಚಪ್ಪಟೆ ಭಾಗ ಕಾಲಿಗೂ ಪ್ಯಾಡಿಗೂ ಒಟ್ಟಿಗೆ ತಾಗಲಿ. ಒಂದೆರಡು ಸೆಕೆಂಡ್ ಬಿಟ್ಟು ಎದುರು ಬದಿಯಿಂದ ವೈರು ಕೊಡಿ, ಬಿಟ್‌ಗೆ ಕೊಡಬೇಡಿ. ಹರಿದ ಮೇಲೆ ಮೊದಲು ವೈರು ತೆಗೆಯಿರಿ, ಆಮೇಲೆ ಐರನ್. ಗಟ್ಟಿಯಾಗುವವರೆಗೆ ಬೋರ್ಡ್ ಅಲ್ಲಾಡಿಸಬೇಡಿ. ಮಂಕಾಗಿ ಕಂಡರೆ ಚಿಂತೆ ಬೇಡ. ಸೋಲ್ಡರ್ ಕಾಲಿನ ಸುತ್ತ ಇಳಿಜಾರಾಗಿ ಹತ್ತಿದ್ದು, ಪ್ಯಾಡಿನ ಅಂಚಿನವರೆಗೆ ತೆಳ್ಳಗೆ ಹಬ್ಬಿದ್ದರೆ ಬೆಸುಗೆ ಕೂತಿದೆ.

ಕೆಲಸ ಮುಗಿಸಿ ಐರನ್ ಆರಿಸುವ ಮೊದಲು ಬಿಟ್‌ಗೆ ಒಂದು ಹನಿ ಸೋಲ್ಡರ್ ಹಚ್ಚಿಡಿ. ಲೆಡ್-ಫ್ರೀಯಲ್ಲಿ ಬಿಟ್ ಬೇಗ ಸವೆಯುತ್ತದೆ. ಇದೊಂದು ರೂಢಿ ಇದ್ದರೆ ತುಂಬಾ ದಿನ ಬರುತ್ತದೆ.